ಸತ್ತವರ ಲೆಕ್ಕ ಆಮೇಲೆ, ಮೊದ್ಲು ಆ ಫ್ಯಾನಿನ ವಿಷ್ಯ ಬರಿ

ಪ್ರೀತಿಯ ಹುಡುಗೀ,

ನಿನ್ನ ಲೇಖನ ಮೇಲ್‌ನಲ್ಲಿ ಬಂತು, ಓದ್ದೆ. ಫೋನಲ್ಲಿ ಹೇಳೋಕಿಂತ ಬರೆದು ಹೇಳೋದೇ ವಾಸಿ ಅನ್ನಿಸ್ತು, ಫೋನಲ್ಲಾದ್ರೆ ನೀನು "ಸರಿ ಮೇಷ್ಟ್ರೇ, ಸರಿ ಮೇಷ್ಟ್ರೇ" ಅಂತ ಒಪ್ಕೊಂಡು ಬಿಡ್ತೀಯ, ಬರೆದಿದ್ರೆ ಜಗಳ ಆಡೋಕೆ ನಿನಗೂ ಅನುಕೂಲ. ವೇಲ್ಸ್‌ನ ಕಾರ್ಡಿಫ್‌ಗೆ ಎಂಎ ಓದೋಕೆ ಹೋದವಳು ವೀಕೆಂಡಲ್ಲಿ ಸೆಂಗೆನಿದ್ ಅನ್ನೋ ಸಣ್ಣ ಊರಿನ ತನಕ ಹೋಗಿ, ಮುಚ್ಚಿಹೋದ ಯೂನಿವರ್ಸಲ್ ಕಲ್ಲಿದ್ದಲು ಗಣಿಯ 1913ರ ಸ್ಫೋಟದ ಬಗ್ಗೆ ಕನ್ನಡದಲ್ಲಿ ಬರೀಬೇಕು ಅಂದ್ಕೊಂಡ್ಯಲ್ಲ, ಅದೇ ದೊಡ್ಡದು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಇಲ್ದಿದ್ರೆ "ಚೆನ್ನಾಗಿದೆ" ಅಂತ ಎರಡಕ್ಷರ ಹಾಕಿ ಸುಮ್ನಾಗ್ತಿದ್ದೆ.

ಮೊದ್ಲು ಬೈಗುಳ. ಲೇಖನದ ಮುಕ್ಕಾಲು ಭಾಗ ಹೊಗೆ, ಕತ್ತಲು, ಅಳ್ತಾ ಇರೋ ತಾಯಂದಿರು. "ಭೂತಾಯಿ ಬಾಯ್ತೆರೆದು ನುಂಗಿದಳು" ಅಂತ ಬರೆದಿದ್ದೀಯ. ಭೂತಾಯಿ ಯಾರನ್ನೂ ನುಂಗ್ಲಿಲ್ಲ ಕಣಮ್ಮ. ಅಲ್ಲೊಂದು ಕಂಪನಿ ಇತ್ತು, ಒಬ್ಬ ಮ್ಯಾನೇಜರ್ ಇದ್ದ, ಒಂದು ಕಾನೂನಿತ್ತು, ಆ ಕಾನೂನಿಗೊಂದು ಗಡುವಿತ್ತು. ಅವನ್ನೆಲ್ಲ ನೀನು ಕೊನೇ ಪ್ಯಾರಾದಲ್ಲಿ ಎರಡು ಲೈನಲ್ಲಿ ಮುಗಿಸಿದ್ದೀಯ, ಅದೇ ಲೇಖನದ ಹೊಟ್ಟೆಯಾಗಬೇಕಿತ್ತು. ನಾನು ಹೇಳೋದು ಇಷ್ಟೇ, 1913ರ ಅಕ್ಟೋಬರ್ 14ರ ಬೆಳಿಗ್ಗೆ ಎಂಟು ಗಂಟೆ ಆದ್ಮೇಲಿನ ಕಥೆ ಎಲ್ಲರೂ ಬರೀತಾರೆ, ನೀನು ಅದಕ್ಕಿಂತ ಮುಂಚಿನದ್ದು ಬರಿ.

ಮುಂಚೆ ಅಂದ್ರೆ ಎಷ್ಟು ಮುಂಚೆ? ನನ್ನ ಕೇಳಿದ್ರೆ 1901ರಿಂದ ಶುರು ಮಾಡು. ಆ ವರ್ಷ ಮೇ 24ಕ್ಕೆ ಇದೇ ಗಣಿಯಲ್ಲಿ ಬೆಳಗಿನ ಜಾವ ಸ್ಫೋಟ ಆಗಿ 81 ಜನ ಸತ್ರು, ರಾತ್ರಿ ಪಾಳಿ ಮುಗಿದು ಹೆಚ್ಚಿನವರು ಮೇಲೆ ಬಂದಿದ್ದರಿಂದ ಅಷ್ಟಕ್ಕೇ ನಿಂತಿತು. ಆಗಲೇ ತನಿಖೆಯಲ್ಲಿ ಗೊತ್ತಾಗಿದ್ದೇನು, ಗ್ಯಾಸ್ ಒಂದೇ ಅಲ್ಲ, ಕಲ್ಲಿದ್ದಲಿನ ಧೂಳೇ ನಿಜವಾದ ಶತ್ರು ಅಂತ. ಇದನ್ನ ಓದುಗರಿಗೆ ನಿಧಾನಕ್ಕೆ ಬಿಡಿಸಿ ಹೇಳ್ಬೇಕು ನೀನು. ಗಣಿಯೊಳಗೆ ಮೀಥೇನ್ ಗ್ಯಾಸ್ ಸೇರ್ಕೊಳ್ಳುತ್ತೆ, ಎಲ್ಲೋ ಒಂದು ಕಿಡಿ ತಾಗಿ ಹತ್ಕೊಳ್ಳುತ್ತೆ, ಅದು ಸಣ್ಣ ಸ್ಫೋಟವೇ ಇರಬಹುದು, ಆದ್ರೆ ಅದರ ಗಾಳಿಯ ಹೊಡೆತ ಬೆಂಕಿಗಿಂತ ಮುಂದೆ ಓಡುತ್ತೆ, ಓಡ್ತಾ ದಾರಿಯುದ್ದಕ್ಕೂ ಗೋಡೆ ಮೇಲೆ ಚಾವಣಿ ಮೇಲೆ ಕೂತಿದ್ದ ಧೂಳನ್ನೆಲ್ಲ ಎಬ್ಬಿಸುತ್ತೆ, ಹಿಂದೆ ಬರೋ ಬೆಂಕಿಗೆ ಆ ಧೂಳೇ ಆಹಾರ, ಅದು ಉರಿದು ಇನ್ನಷ್ಟು ಧೂಳು ಏಳುತ್ತೆ, ಹೀಗೇ ಸುರಂಗದಿಂದ ಸುರಂಗಕ್ಕೆ. ಅದಕ್ಕೇ ಧೂಳು ತೆಗೀಬೇಕು, ನೀರು ಚಿಮುಕಿಸಬೇಕು ಅನ್ನೋ ನಿಯಮ. ಸೆಂಗೆನಿದ್‌ನಲ್ಲಿ ನೆಲ ಗುಡಿಸ್ತಿದ್ರು, ಗೋಡೆ ಚಾವಣಿ ಧೂಳು ಹಾಗೇ ಇತ್ತು, ವಿಚಾರಣೆಯಲ್ಲಿ ಇದು ಎದ್ದು ಬಂತು. ಈ ಒಂದು ವಾಕ್ಯ ನಿನ್ನ ಮೂರು ಪೇಜ್ ಹೊಗೆಗಿಂತ ಜಾಸ್ತಿ ಹೇಳುತ್ತೆ.

1910ರಲ್ಲೂ ಒಂದು ಸಲ ಚಾವಣಿ ಕುಸಿದು ಗ್ಯಾಸ್ ಹೊರಬಂದು ಎಲ್ಲರನ್ನೂ ಮೇಲಕ್ಕೆ ಕಳಿಸಿದ್ರು. ಆ ಜಾಗದ ಹೆಸರು ಮ್ಯಾಫೆಕಿಂಗ್. ಗಣಿಯ ಒಳಗಿನ ಭಾಗಗಳಿಗೆ ಬೋಅರ್ ಯುದ್ಧದ, ಅಂದ್ರೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರು ಮಾಡಿದ ಯುದ್ಧದ ಊರುಗಳ ಹೆಸರು, ಮ್ಯಾಫೆಕಿಂಗ್, ಪ್ರಿಟೋರಿಯಾ, ಲೇಡಿಸ್ಮಿತ್, ಕಿಂಬರ್ಲಿ ಅಂತ. ಅಲ್ಲಿಂದ ಹೋಗ್ತಿದ್ದ ಕಲ್ಲಿದ್ದಲಿಗೆ ಬ್ರಿಟಿಷ್ ನೌಕಾಪಡೆ ದೊಡ್ಡ ಗಿರಾಕಿ. ಇದನ್ನ ವಿವರಿಸೋಕೆ ಹೋಗ್ಬೇಡ, ಸುಮ್ನೆ ಪಕ್ಕಪಕ್ಕ ಇಡು, ಓದುಗರು ದಡ್ಡರಲ್ಲ.

ಈಗ ಫ್ಯಾನು. 1911ರ ಗಣಿ ಕಾನೂನು ಏನು ಹೇಳ್ತು, ಗಾಳಿ ಬಿಡೋ ದೊಡ್ಡ ಫ್ಯಾನು ಬೇಕಾದಾಗ ಗಾಳಿಯನ್ನ ಉಲ್ಟಾ ತಿರುಗಿಸೋ ಹಾಗಿರಬೇಕು. ಒಳಗೆ ಬೆಂಕಿ ಬಿದ್ರೆ ಹೊಗೆ ಯಾವ ಕಡೆ ಹೋಗ್ಬೇಕು ಅನ್ನೋದು ಮೇಲಿದ್ದವರ ಕೈಯಲ್ಲಿರ್ಲಿ ಅಂತ. 1913ರ ಜನವರಿಗೆ ಗಡುವು, ಸೆಪ್ಟೆಂಬರ್ ತನಕ ಮುಂದೂಡಿದ್ರು, ಅಕ್ಟೋಬರ್ 14 ಬಂದ್ರೂ ಕೆಲ್ಸ ಮುಗಿದಿರ್ಲಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಫ್ಯಾನ್ ಸರಿಯಿದ್ದಿದ್ರೆ ಎಲ್ರೂ ಬದುಕ್ತಿದ್ರು ಅಂತ ಮಾತ್ರ ಬರೀಬೇಡ. ಸ್ಫೋಟ ಆಗೋದನ್ನ ಫ್ಯಾನ್ ತಡೀತಿರ್ಲಿಲ್ಲ. ಬೆಂಕಿ ಬಿದ್ದಾಗ ತಿರುಗಿಸಬೇಕೋ ಬೇಡವೋ ಅನ್ನೋ ಆಯ್ಕೆ ಇರ್ಬೇಕಿತ್ತು, ಇರ್ಲಿಲ್ಲ, ಅಷ್ಟೇ ಬರಿ.

ಕಿಡಿ ಎಲ್ಲಿಂದ ಬಂತು ಅಂತ ಕೊನೆಗೂ ಪಕ್ಕಾ ಆಗ್ಲಿಲ್ಲ, ನೀನು ಮಾತ್ರ ಕೋರ್ಟ್ ತೀರ್ಪಿನ ಥರ ಬರೆದುಬಿಟ್ಟಿದ್ದೀಯ. ವಿದ್ಯುತ್ ಗಂಟೆಯ ಕಿಡಿ ಇರಬಹುದು ಅನ್ನೋದು ಬಲವಾದ ಅನುಮಾನ. ಆ ಗಂಟೆ ಹೇಗಿತ್ತು ನೋಡು: ಸುರಂಗದ ಪಕ್ಕದಲ್ಲಿ ಎರಡು ಬರೀ ತಂತಿ, ಮೇಲೆ ರಬ್ಬರ್ ಇಲ್ಲ ಏನಿಲ್ಲ, ಡ್ರ್ಯಾಮ್ ಅಂದ್ರೆ ಕಲ್ಲಿದ್ದಲು ತುಂಬೋ ಬಂಡಿ, ಅದನ್ನ ಎಳೆಯೋ ಎಂಜಿನ್‌ನವನಿಗೆ ನಿಲ್ಲಿಸು, ಬಿಡು ಅಂತ ಸಿಗ್ನಲ್ ಕೊಡೋಕೆ ಎರಡನ್ನೂ ಒಂದಕ್ಕೊಂದು ತಾಗಿಸಿದ್ರಾಯ್ತು, ಆ ಕಡೆ ಟಿಣ್ ಅನ್ನುತ್ತೆ, ಈ ಕಡೆ ಸಣ್ಣ ಕಿಡಿ. ಪಾಳಿಯುದ್ದಕ್ಕೂ ಮಾಡೋ ಕೆಲ್ಸ. ಆ ತಂತಿಯನ್ನ ನೀನು ಓದುಗನ ಕೈಗೆ ಕೊಡ್ಬೇಕು, ಅವನೇ ತಾಗಿಸಿ ನೋಡ್ಲಿ.

ಮ್ಯಾನೇಜರ್ ಎಡ್ವರ್ಡ್ ಶಾನ ನಿನ್ನ ಲೇಖನದಲ್ಲಿ ಸಿನಿಮಾ ವಿಲನ್ ಮಾಡಿಟ್ಟಿದ್ದೀಯ. ಸ್ಫೋಟ ಆದ್ಮೇಲೆ ಮೊದ್ಲು ಕೆಳಗಿಳಿದವರಲ್ಲಿ ಅವನೇ ಒಬ್ಬ, ಗೊತ್ತಾ? ಗಣಿಗೆ ಇಳಿಯೋ ಬಾವಿಗಳಲ್ಲಿ ಲ್ಯಾಂಕಾಸ್ಟರ್ ಶಾಫ್ಟ್ ಹಾಳಾಗಿತ್ತು, ಯಾರ್ಕ್ ಶಾಫ್ಟ್‌ನಿಂದ ಇಳಿದು, ದಾರಿಗೆ ಅಡ್ಡ ಬಿದ್ದಿದ್ದನ್ನ ಸರಿಸ್ಕೊಂಡು ಹೋದ. ಗಣಿಯ ಪೂರ್ವ ಭಾಗದವರು ಬದುಕಿದ್ರು. ಆದ್ರೆ ಅವನು ಒಳಗೇ ಇದ್ದಿದ್ದರಿಂದ ಹೊರಗಿಂದ ರೆಸ್ಕ್ಯೂ ತಂಡ ಕರೆಸೋದು ತಡವಾಯ್ತು, ಉಸಿರಾಟದ ಉಪಕರಣ ಇರೋ ತಂಡ ಬರೋದು ತಡವಾಯ್ತು. ಧೈರ್ಯವೂ ಅವನದೇ, ಲೋಪವೂ ಅವನದೇ. ಇಂಥವನನ್ನ ಬರೆಯೋದು ಕಷ್ಟ, ಅದಕ್ಕೇ ಬರೀಬೇಕು. ಪಶ್ಚಿಮ ಭಾಗದಲ್ಲಿ ಬೆಂಕಿಯಿಂದ ತಪ್ಪಿಸ್ಕೊಂಡ ಎಷ್ಟೋ ಜನರನ್ನ ಆಮೇಲಿನ ವಿಷಗಾಳಿ, ಅಂದ್ರೆ ಕಾರ್ಬನ್ ಮೋನಾಕ್ಸೈಡ್ ಕೊಂದಿತು ಅನ್ನೋದನ್ನ ನೆನಪಿಟ್ಕೊಂಡ್ರೆ ಆ ತಡ ಎಷ್ಟು ಭಾರ ಅಂತ ಗೊತ್ತಾಗುತ್ತೆ. ಆ ರಾತ್ರಿ ಕಳೆಯೋದ್ರೊಳಗೆ ಆ ಪಶ್ಚಿಮ ಭಾಗದಲ್ಲಿ 18 ಜನ ಜೀವಂತ ಸಿಕ್ರು, ಅಷ್ಟೇ.

ಲೆಕ್ಕ ಸರಿ ಮಾಡ್ಕೋ. ಗಣಿಯವರು 439, ಜೊತೆಗೆ ರಕ್ಷಣೆಗೆ ಹೋದ ಒಬ್ಬ, ಒಟ್ಟು 440. ನೀನು 439 ಅಂತ ಒಂದು ಕಡೆ, 440 ಅಂತ ಇನ್ನೊಂದು ಕಡೆ ಹಾಕಿದ್ದೀಯ, ಆ ಒಬ್ಬ ಯಾರು ಅಂತ ಹೇಳಿದ್ರೆ ಎರಡೂ ಸರಿಯಾಗುತ್ತೆ. ಬ್ರಿಟನ್ನಿನ ಅತಿ ದೊಡ್ಡ ಗಣಿ ದುರಂತ ಅನ್ನೋದು ಸರಿ, "ಜಗತ್ತಿನ ಅತಿ ದೊಡ್ಡ" ಅಂತ ಹಾಕಿರೋದು ತಪ್ಪು, ಫ್ರಾನ್ಸಿನ ಕೂರಿಯೇರ್‌ನಲ್ಲಿ 1906ರಲ್ಲೇ ಸಾವಿರಕ್ಕಿಂತ ಹೆಚ್ಚು ಜನ ಸತ್ತಿದ್ರು. ಸತ್ತವರಲ್ಲಿ 14 ವರ್ಷದ ಹುಡುಗರಿದ್ರು ಅನ್ನೋದನ್ನ ಒಂದೇ ಸಲ ಹೇಳು, ವಿಶೇಷಣ ಬೇಡ. 14 ಅಂದ್ರೆ ಆಗಿನ ಕಾನೂನೇ ಒಪ್ಪಿದ್ದ ವಯಸ್ಸು, ಅದನ್ನೂ ಸೇರಿಸು.

ಕೊನೆಗೆ ಶಿಕ್ಷೆ. ಶಾ ಮೇಲೆ 17 ಆರೋಪ, ದಂಡ 24 ಪೌಂಡ್. ಕಂಪನಿಗೆ ಅಪೀಲಿನ ಮೇಲೆ 10 ಪೌಂಡ್ ದಂಡ, ಕೋರ್ಟ್ ಖರ್ಚು ಬೇರೆ. ಆಗಿನ ಪತ್ರಿಕೆಯವರೇ ಆ 24 ಪೌಂಡನ್ನ ಭಾಗಿಸಿ ನೋಡಿದ್ರು, ಸತ್ತವರ ತಲೆಗೆ ಒಂದು ಶಿಲ್ಲಿಂಗ್ ಒಂದು ಪೆನ್ನಿ ಚಿಲ್ಲರೆ. ಇದನ್ನ ನೀನು ಬರೆದಿದ್ದೀಯ, ಭೇಷ್. ಅದರ ಪಕ್ಕಕ್ಕೆ ಇನ್ನೊಂದಿಡು: ದುರಂತದ ಮಾರನೇ ದಿನವೇ ಲಂಡನ್ನಲ್ಲಿ ಒಂದು ರಾಜಮನೆತನದ ಮದುವೆ, ಆ ಮದುವೆಯ ಉಡುಗೊರೆಗಳನ್ನ ಅರಮನೆಯಲ್ಲಿ ಪ್ರದರ್ಶನಕ್ಕಿಟ್ಟು, ನೋಡೋಕೆ ಬಂದವರ ಹತ್ರ ಟಿಕೆಟ್ ತಗೊಂಡು ಸಂತ್ರಸ್ತರ ನಿಧಿಗೆ ಕೊಟ್ರು. ಟಿಕೆಟ್ ಒಂದು ಶಿಲ್ಲಿಂಗ್. ಕಾಮೆಂಟ್ ಮಾಡಿದ್ರೆ ಕೆಟ್ಟೆ.

ಇನ್ನೊಂದು ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಬ್ರಿಟನ್ನಿನ ಗಣಿಗಳಲ್ಲಿ ಒಟ್ಟಾರೆ ನೋಡಿದ್ರೆ ಹೆಚ್ಚು ಜನ ಸತ್ತಿದ್ದು ಸ್ಫೋಟದಲ್ಲಲ್ಲ, ಚಾವಣಿ ಕುಸಿದು, ಡ್ರ್ಯಾಮ್ ಕೆಳಗೆ ಸಿಕ್ಕಿ, ಒಬ್ಬೊಬ್ಬರಾಗಿ. ಒಬ್ಬ ಸತ್ರೆ ಸ್ಮಾರಕ ಕಟ್ಟಲ್ಲ, ಲೋಕಲ್ ಪೇಪರಲ್ಲಿ ನಾಲ್ಕು ಲೈನ್ ಬರುತ್ತೆ ಅಷ್ಟೇ. ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದವರು ಆ ಕಾಲದ ಪತ್ರಿಕೆಗಳನ್ನ 1919ರ ತನಕ ಆನ್‌ಲೈನಲ್ಲಿ ಫ್ರೀಯಾಗಿ ಇಟ್ಟಿದ್ದಾರೆ, 1901ರಿಂದ 1913ರ ಒಳಗಿನವು ಹುಡುಕು, ಯೂನಿವರ್ಸಲ್ ಗಣಿಯ ಅಂಥ ನಾಲ್ಕು ಲೈನ್ ಒಂದಾದ್ರೂ ಸಿಕ್ರೆ ಅದೇ ನಿನ್ನ ಓಪನಿಂಗ್. ಹಳೇ ದಾಖಲೆ ಇಟ್ಟಿರೋ ಗ್ಲಾಮೋರ್ಗನ್ ಆರ್ಕೈವ್ಸ್ ನೀನಿರೋ ಕಾರ್ಡಿಫ್‌ನಲ್ಲೇ ಇದೆ, ಹೋಗು, ಅಲ್ಲಿಯವರನ್ನ ಕೇಳು, ಸಂಕೋಚ ಪಡ್ಬೇಡ.

ಕೆಜಿಎಫ್ ಪ್ಯಾರಾ ತೆಗ್ದುಬಿಡು. ಕನ್ನಡ ಓದುಗರಿಗೆ ಹತ್ತಿರ ಆಗ್ಲಿ ಅಂತ ತುರುಕಿದ್ದೀಯ, ಅರ್ಥ ಆಗುತ್ತೆ. ಆದ್ರೆ ಅಲ್ಲಿ ಜನರನ್ನ ಕೊಂದಿದ್ದು ಆಳದ ಒತ್ತಡಕ್ಕೆ ಬಂಡೆ ಸಿಡಿಯೋದು, ರಾಕ್ ಬರ್ಸ್ಟ್. ಚಿನ್ನದ ಅದಿರಿನ ಧೂಳು ಕಲ್ಲಿದ್ದಲಿನ ಧೂಳಿನ ಹಾಗೆ ಹತ್ಕೊಳ್ಳಲ್ಲ. ಬೇರೆ ಸಾವು, ಬೇರೆ ಲೇಖನ, ಊರಿಗೆ ಬಂದಾಗ ಬರಿ.

ಎರಡನೇ ಡ್ರಾಫ್ಟ್ ಕ್ರಿಸ್‌ಮಸ್ ರಜೆ ಮುಗಿಯೋದ್ರೊಳಗೆ ಕಳ್ಸು, ಉದ್ದ ಆದ್ರೆ ಆಗ್ಲಿ, ಸಂಪಾದಕರ ಹತ್ರ ನಾನು ಮಾತಾಡ್ತೀನಿ. ಫೋಟೋ ಹಾಕೋದಾದ್ರೆ ಅಲ್ಲಿನ ಸ್ಮಾರಕದ ಪ್ರತಿಮೆಯದ್ದು ಬೇಡ, ಎಲ್ಲರೂ ಅದನ್ನೇ ಹಾಕ್ತಾರೆ, ಸತ್ತವರ ಹೆಸರು ಬರೆದ ಟೈಲ್ಸ್ ಗೋಡೆಯದ್ದು ಒಂದು ಸಾಕು. ಮತ್ತೆ ನೀನು ಆ "ಭೂತಾಯಿ" ವಾಕ್ಯಕ್ಕಾಗಿ ಜಗಳ ಆಡ್ತೀಯ ಅಂತ ಗೊತ್ತು, ಆಡು, ನಾನೂ ರೆಡಿ.

ನಿನ್ನ ಮೇಷ್ಟ್ರು