ದೀಪಾವಳಿ ಬಣ್ಣಕ್ಕೆ ಮುಂಚೆ ಗೋಡೆ ಒಣಗಲಿ

ಮಾನ್ಯ ಸಂಪಾದಕರೇ,

ಕಡಿಮೆ ಖರ್ಚಿನಲ್ಲಿ ಮನೆ ದುರಸ್ತಿ ಎಂದ ಕೂಡಲೇ ಪತ್ರಿಕೆಗಳ ಪುರವಣಿಗಳಲ್ಲಿ ಕಾಣುವುದು ಬಣ್ಣ, ಪರದೆ, ಪಿಒಪಿ ಛತ್ತು, ಗೋಡೆಗೆ ಅಂಟಿಸುವ ಕಾಗದ. ವಿಜಯಪುರದಂಥ ಊರಿನ ಹಳೆ ಮನೆಗೆ ಇವೆಲ್ಲ ಕೊನೆಯ ಕೆಲಸ. ಇಲ್ಲಿ ರೊಕ್ಕ ಹಾಳಾಗುವುದು ಒದ್ದೆ ಗೋಡೆಗೆ ಬಣ್ಣ ಬಳಿಯುವುದರಿಂದ. ನಮ್ಮ ಜಿಲ್ಲೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದೇ ಸೆಪ್ಟೆಂಬರಿನಲ್ಲಿ. ಗೋಡೆಗಳು ಹೊಟ್ಟೆ ತುಂಬ ನೀರು ಕುಡಿದಿರುವಾಗಲೇ ದಸರಾ, ದೀಪಾವಳಿ ಬರುತ್ತವೆ. ಹಬ್ಬ ಹದಿನೈದು ದಿನ ಇದೆ ಎನ್ನುವಾಗ ಗೌಂಡಿಯನ್ನೂ ಪೇಂಟರನ್ನೂ ಒಟ್ಟಿಗೆ ಕರೆಸುತ್ತೇವೆ. ಸಂಕ್ರಾಂತಿ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಬೇಕು. ಇದಕ್ಕೆ ಖರ್ಚೇನೂ ಇಲ್ಲ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈ ಬೆವರಿದ್ದರೆ ನೀರು ಗೋಡೆಯೊಳಗಿದೆ. ನೆಲದಿಂದ ಎರಡು ಮೂರು ಅಡಿವರೆಗೆ ಪಟ್ಟಿಯಂತೆ ಕಲೆ ಇದ್ದರೆ ಅದು ಪಾಯಾದಿಂದ ಏರಿದ ತೇವ. ಛತ್ತಿನ ಮೂಲೆಯಿಂದ ಇಳಿದಿದ್ದರೆ ಸ್ಲ್ಯಾಬಿನದು. ಏಪ್ರಿಲ್ ಬಿಸಿಲಿಗೂ ಆರದ ಕಲೆ ಮಳೆಯದಲ್ಲ. ಆ ಗೋಡೆಯ ಆಚೆ ಬಚ್ಚಲಮನೆಯೋ ನೀರಿನ ಟಾಕಿಯ ಪೈಪೋ ಇದೆಯೇ ನೋಡಿ.

ಸ್ಲ್ಯಾಬ್ ಸೋರಿದರೆ ನಮ್ಮ ಕಡೆ ಎಲ್ಲರೂ ಹೇಳುವ ಮದ್ದು ಮೇಲೊಂದು ಕೋಬಾ, ಅಂದರೆ ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂಡಿಸಿದ ಪದರ. ಮೂರು ಇಂಚಿನ ಇಟ್ಟಿಗೆ ಚೂರಿನ ಕೋಬಾ 600 ಚದರ ಅಡಿಗೆ ಸುಮಾರು ಎಂಟು ಟನ್ ತೂಗುತ್ತದೆ. ಹಳೆ ಕೋಬಾದ ಮೇಲೆ ಹೊಸದನ್ನು ಹೇರುವವರು ಈ ಲೆಕ್ಕ ಕೇಳಿಯೇ ಇರುವುದಿಲ್ಲ. ಮೊದಲು ಸ್ಲ್ಯಾಬಿನ ಕೆಳಮೈ ನೋಡಿ. ಕಾಂಕ್ರೀಟ್ ಉದುರಿ ಸರಳು ಕಂಡಿದ್ದರೆ ಬರೀ ಸಿಮೆಂಟ್ ಮೆತ್ತಿದರೆ ನಿಲ್ಲದು, ಏಕೆಂದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಮೆತ್ತಿದ್ದನ್ನು ಹೊರಗೆ ತಳ್ಳುತ್ತದೆ. ಸರಳಿನ ಹಿಂಬದಿಗೂ ಬೆರಳು ಹೋಗುವಷ್ಟು ಕೆತ್ತಿ, ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಸರಳು ಕಾಲುಭಾಗದಷ್ಟು ಸವೆದಿದ್ದರೆ ಗೌಂಡಿಯ ಮಾತಿನ ಮೇಲೆ ಕೆಲಸ ಹಿಡಿಯಬೇಡಿ, ಇಂಜಿನಿಯರರನ್ನು ಕರೆಸಿ.

ಕೆಳಮೈ ಗಟ್ಟಿಯಿದ್ದರೆ ಕೆಲಸ ಹಗುರ. ಮೇಲಿನ ಕೋಬಾವನ್ನು ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಭಾಗವನ್ನಷ್ಟೇ ಕಿತ್ತು ಸರಿಪಡಿಸಿ. ನೀರಿನ ಪೈಪಿನ ಕಡೆಗೆ ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು ಇರಬೇಕು. ಸೋರಿಕೆ ಬಹಳ ಸಲ ಸ್ಲ್ಯಾಬಿನ ನಡುವೆ ಇರುವುದೇ ಇಲ್ಲ. ಪ್ಯಾರಾಪೆಟ್ ಗೋಡೆ ಕೂಡುವ ಸಂದಿಯಲ್ಲಿ, ಪೈಪಿನ ಬಾಯಿಯ ಸುತ್ತ ಇರುತ್ತದೆ. ಆ ಸಂದಿಗೆ 1:3 ಗಾರೆಯಲ್ಲಿ (ಸಿಮೆಂಟ್ ಒಂದು ಪಾಲು, ಉಸುಕು ಮೂರು ಪಾಲು) ಗೋಲಾ, ಅಂದರೆ ಮೂಲೆ ತುಂಬುವ ದುಂಡನೆಯ ಅಂಚು ಕಟ್ಟಿ, ಫೈಬರ್ ಜಾಳಿಗೆ ಕೂಡಿಸಿ, ಸಿಮೆಂಟ್-ಪಾಲಿಮರ್ ಲೇಪ ಎರಡು ಕೋಟ್ ಹಚ್ಚಬೇಕು. ಮೊದಲ ಕೋಟ್ ಉದ್ದಕ್ಕೆ ಹಚ್ಚಿದರೆ ಎರಡನೆಯದು ಅಡ್ಡಕ್ಕೆ. ಕಾದ ಸ್ಲ್ಯಾಬಿಗೆ ಮಧ್ಯಾಹ್ನ ಹಚ್ಚಿದ ಲೇಪ ಅಂಟುವ ಮುಂಚೆಯೇ ಒಣಗಿ ಬಿರಿಯುತ್ತದೆ. ಮೈ ತೇವ ಮಾಡಿ, ನಿಂತ ನೀರು ಒರೆಸಿ, ಇಳಿಹೊತ್ತಿನಲ್ಲಿ ಹಚ್ಚಿಸಿ. ಲೇಪ ಪೂರ್ತಿ ಗಟ್ಟಿಯಾದ ಮೇಲೆ ಪೈಪ್ ಮುಚ್ಚಿ ಎರಡು ಇಂಚು ನೀರು 48 ತಾಸು ನಿಲ್ಲಿಸಿ ನೋಡಿ, ಆಮೇಲೆ ಮಜೂರಿ ಕೊಡಿ. ಅದರ ಮೇಲೆ ಬಿಳಿ ಟೈಲ್ ಚೂರು ಕೂಡಿಸಿದರೆ ಬೇಸಿಗೆಯಲ್ಲಿ ಕೆಳಗಿನ ಕೋಣೆಯ ಕಾವೂ ಇಳಿಯುತ್ತದೆ. ಹೊಸ ಫ್ಯಾನಿಗಿಂತ ಇದು ಮೇಲು.

ಇನ್ನು ಉಪ್ಪು ಹಿಡಿದ ಗೋಡೆ. ಅತಿ ಹೆಚ್ಚು ರೊಕ್ಕ ನುಂಗುವುದು, ಅತಿ ಹೆಚ್ಚು ತಪ್ಪು ಉಪಚಾರ ಆಗುವುದು ಇದಕ್ಕೇ. ನೆಲದ ತೇವ ಉಪ್ಪನ್ನು ಕರಗಿಸಿ ಹೊತ್ತು ಮೇಲೇರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಗಿಲಾವಿನಲ್ಲಿ (ಪ್ಲಾಸ್ಟರಿನಲ್ಲಿ) ಹರಳುಗಟ್ಟಿ ಅದನ್ನು ಒಳಗಿನಿಂದ ಒಡೆಯುತ್ತದೆ. ವಾಟರ್‌ಪ್ರೂಫ್ ಪುಡಿ ಕಲಿಸಿದ 1:3 ಸಿಮೆಂಟ್ ಗಿಲಾವು ಹೊಡೆದು ಬಾಯಿ ಮುಚ್ಚಿದರೆ, ಹೊರಬರಲು ದಾರಿಯಿಲ್ಲದ ತೇವ ಇನ್ನೆರಡು ಅಡಿ ಮೇಲಕ್ಕೆ ಹೋಗುತ್ತದೆ. ಟೈಲ್ ಹಚ್ಚಿದರೂ ಆಯಿಲ್ ಪೇಂಟ್ ಬಳಿದರೂ ಇದೇ ಕಥೆ. ಪಿಒಪಿಯಂತೂ ತೇವಕ್ಕೆ ಮೆತ್ತಗಾಗಿ ಬೀಳುತ್ತದೆ.

ಮಾಡಬೇಕಾದದ್ದು ಇಷ್ಟು. ಕಲೆಯ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಗಿಲಾವು ಕಿತ್ತು, ಸಂದಿಗಳನ್ನು ಅರ್ಧ ಇಂಚು ಕೆರೆದು, ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬಳಿಕ ಬೇಸಿಗೆಯಲ್ಲಿ ನಾಲ್ಕಾರು ವಾರ ಗೋಡೆಯನ್ನು ಹಾಗೇ ಬಿಡಬೇಕು. ಫೆಬ್ರವರಿಯಿಂದ ಏಪ್ರಿಲ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕರಿಕಲ್ಲು-ಮಣ್ಣಿನ ಹಳೆ ಗೋಡೆಗೆ ಸುಣ್ಣ ಒಂದು ಪಾಲು, ತೊಳೆದ ಉಸುಕು ಮೂರು ಪಾಲಿನ ಗಿಲಾವೇ ಸರಿ, ಅದು ತೇವವನ್ನು ಹೊರಗೆ ಬಿಡುತ್ತದೆ. ಇಟ್ಟಿಗೆ ಗೋಡೆಯಾದರೆ ಬುಡದಲ್ಲಿ ಸಾಲಾಗಿ ತೂತು ಕೊರೆದು ತೇವ ತಡೆಯುವ ರಾಸಾಯನಿಕ ತುಂಬಿಸಬಹುದು. ಕಲ್ಲುಮಣ್ಣಿನ ಗೋಡೆಯ ಒಳಗೆ ಪೊಳ್ಳು ಇರುವುದರಿಂದ ಅಲ್ಲಿ ಆ ಖರ್ಚು ವ್ಯರ್ಥ. ಗಾರೆ ಕಲಿಸುವ ನೀರಿನ ಮೇಲೂ ಕಣ್ಣಿರಲಿ. ಸವುಳು ಬೋರಿನ ನೀರಿನಲ್ಲಿ ಕಲಿಸಿದರೆ ಹೊಸ ಗಿಲಾವಿನ ಜೊತೆಗೇ ಹೊಸ ಉಪ್ಪನ್ನೂ ಗೋಡೆಗೆ ಹಾಕಿದಂತಾಯಿತು. ಕಾಂಕ್ರೀಟಿಗೆ ಇರುವ ಭಾರತೀಯ ಮಾನಕ ಐಎಸ್ 456 ಪ್ರಕಾರ ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ನಳಕ್ಕೆ ಬರುವ ನದಿ ನೀರನ್ನು ಒಂದು ಪೀಪಾಯಿ ಹಿಡಿದಿಟ್ಟುಕೊಂಡರೆ ಒಂದು ಕೋಣೆಯ ಗಾರೆಗೆ ಸಾಕು.

ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳ ಬಿರುಕು ಬೇರೆಯೇ ಜಾತಿ. ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ ಗೋಡೆಯದೇನೂ ತಪ್ಪಿಲ್ಲ, ಕೆಳಗಿನ ಮಣ್ಣು ಉಬ್ಬಿ ಕುಗ್ಗುತ್ತಿದೆ. ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಿಟ್ಟರೆ ಬೆಳೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಿರುಕು ಮುಚ್ಚುವ ಮುಂಚೆ ಮನೆಯ ಸುತ್ತ ನೀರು ಇಂಗದಂತೆ ಮಾಡಬೇಕು. ಗೋಡೆಗೆ ತಾಗಿ ಮೂರರಿಂದ ನಾಲ್ಕು ಅಡಿ ಅಗಲಕ್ಕೆ ಒಂದು ಅಡಿ ಎರೆಮಣ್ಣು ತೆಗೆದು, ಗರಸು ತುಂಬಿ ದಮ್ಮಸು ಮಾಡಿ, ಮೇಲೆ ಮೂರು ಇಂಚು ಕಾಂಕ್ರೀಟ್ ಅಥವಾ ಪರಸಿ (ಹಾಸುಗಲ್ಲು) ಹಾಕಿ. ಇಳಿಜಾರು ಹೊರಗಡೆಗೆ ಅಡಿಗೆ ಕಾಲು ಇಂಚು. ಮಾಳಿಗೆಯ ನೀರಿನ ಪೈಪ್ ಗೋಡೆ ಬುಡದಲ್ಲಿ ಬೀಳದೆ ಗಟಾರಕ್ಕೆ ಹೋಗಲಿ. ಇಷ್ಟು ಮಾಡಿ ಒಂದು ಮಳೆಗಾಲ ಕಾದು ಬಿರುಕು ತುಂಬಿ. ಐದು ಮಿಲಿಮೀಟರಿಗಿಂತ ಸಣ್ಣದಕ್ಕೆ ಅಕ್ರಿಲಿಕ್ ಫಿಲ್ಲರ್ ಸಾಕು. ಅದಕ್ಕೂ ದೊಡ್ಡದಿದ್ದು ಬಾಗಿಲು ಚೌಕಟ್ಟಿನಲ್ಲಿ ಸಿಗಿಬೀಳುತ್ತಿದ್ದರೆ ಅದು ಫಿಲ್ಲರಿನ ಕೆಲಸವಲ್ಲ.

ನೆಲದ ಬಗ್ಗೆ ಒಂದೇ ಮಾತು: ಗಟ್ಟಿಯಿರುವ ಶಹಾಬಾದ್ ಪರಸಿ ಕಿತ್ತು ಟೈಲ್ಸ್ ಹಾಕಬೇಡಿ. ಮಷೀನಿನಿಂದ ಉಜ್ಜಿ ಪಾಲಿಶ್ ಮಾಡಿಸಿ, ಸಂದಿಗೆ ಬಣ್ಣ ಕಲಿಸಿದ ಸಿಮೆಂಟ್ ತುಂಬಿಸಿದರೆ ಹೊಸದರಂತೆ ಕಾಣುತ್ತದೆ. ಅದು ಸುಣ್ಣಕಲ್ಲು, ಪಾಯಖಾನೆ ತೊಳೆಯುವ ಆಸಿಡ್ ತಾಗಿದರೆ ಮೈ ತಿಂದುಹೋಗುತ್ತದೆ. ಅಡುಗೆ ಕಟ್ಟೆಗೆ ಇಳಕಲ್ಲಿನ ಗ್ರಾನೈಟ್ ಬೇಕೆನ್ನುವವರು ಇಡೀ ಹಲಗೆ ಕೊಳ್ಳದೆ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಬೇಕು. ಇನ್ನು ವೈರಿಂಗ್ ಬದಲಿಸುವುದಿದ್ದರೆ ಗಿಲಾವಿಗೆ ಮುಂಚೆಯೇ ಆಗಲಿ: ದೀಪಕ್ಕೆ 1.5, ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಂತಿ, ಜೊತೆಗೆ ವಿದ್ಯುತ್ ಸೋರಿದ ಕೂಡಲೇ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್.

ಲೆಕ್ಕದಲ್ಲಿ ಜಗಳ ಬರುವುದು ಬ್ರಾಸ್ ಎಂಬ ಅಳತೆಯಿಂದ. ಉಸುಕಿಗೆ ಬ್ರಾಸ್ ಎಂದರೆ 100 ಘನ ಅಡಿ, ಗಿಲಾವಿಗೆ 100 ಚದರ ಅಡಿ. ಹಸಿ ಉಸುಕು ಉಬ್ಬಿರುತ್ತದೆ, ಕಾಲುಭಾಗದಷ್ಟು ಹೆಚ್ಚು ಕಾಣಬಹುದು. ಅದಕ್ಕೇ ಒಣ ಉಸುಕನ್ನು ಟ್ರಾಲಿಯಲ್ಲೇ ಅಳೆದುಕೊಳ್ಳಿ. ಅರ್ಧ ಇಂಚು ದಪ್ಪದ 1:5 ಸಿಮೆಂಟ್ ಗಿಲಾವು 100 ಚದರ ಅಡಿಗೆ ಮುಕ್ಕಾಲು ಚೀಲ ಸಿಮೆಂಟ್, ನಾಲ್ಕೂವರೆ ಘನ ಅಡಿ ಉಸುಕು ತಿನ್ನುತ್ತದೆ. ಇದಕ್ಕಿಂತ ಬಹಳ ಹೆಚ್ಚು ಖರ್ಚಾದರೆ ಗೋಡೆ ಡೊಂಕಿದೆ, ಇಲ್ಲವೇ ಮಾಲು ಬೇರೆ ಕಡೆ ಹೋಗಿದೆ. ಹೊಸ ಸಿಮೆಂಟ್ ಗಿಲಾವಿಗೆ ಏಳು ದಿನ ನೀರುಣಿಸಿ, ನಾಲ್ಕು ವಾರ ಕಳೆಯದೆ ಪುಟ್ಟಿ, ಬಣ್ಣ ಮುಟ್ಟಬಾರದು.

ಹಾಗಾದರೆ ಹಬ್ಬಕ್ಕೆ ಮನೆ ಹಾಗೇ ಇರಬೇಕೇ ಎನ್ನುವವರಿಗೆ ಸುಣ್ಣವಿದೆ. ಒಂದು ಕಿಲೋ ಸುಡು ಸುಣ್ಣಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ ಅರಳಿಸಿ, ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ ತೆಳ್ಳಗೆ ಎರಡು ಮೂರು ಕೈ ಬಳಿಯಿರಿ. ಅರಳುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರವಿರಲಿ. ಗಟ್ಟಿ ಹಿಡಿಯಲೆಂದು ಅಡುಗೆ ಉಪ್ಪು ಹಾಕುವ ರೂಢಿ ಕೆಲವೆಡೆ ಇದೆ. ಉಪ್ಪು ಹಿಡಿದ ಗೋಡೆಗೆ ಅದು ಬೇಡ. ಪುಟ್ಟಿ, ಎಮಲ್ಶನ್ನಿನ ರೊಕ್ಕವನ್ನು ಯುಗಾದಿಗೆ ಇಟ್ಟುಕೊಳ್ಳಿ.

– ಕಟ್ಟಡ ಕೆಲಸದ ಮೇಲ್ವಿಚಾರಕ, ವಿಜಯಪುರ