ನಷ್ಟದ ರಿಟರ್ನ್‌ಗೂ ಗಡುವು ಇದೆ

ಮಾನ್ಯ ಸಂಪಾದಕರೇ,

ಕೋವಿಡ್ ವರ್ಷದಲ್ಲಿ ಕೈಸುಟ್ಟುಕೊಂಡು, ಆ ನಷ್ಟದ ಆದಾಯ ತೆರಿಗೆ ರಿಟರ್ನನ್ನು ತಡವಾಗಿ ತುಂಬಿದ ಮುಂಬಯಿಯ ಕನ್ನಡಿಗ ವ್ಯಾಪಾರಿಗಳಿಗೆ, ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ವಜಾ ಮಾಡಿಸಿಕೊಳ್ಳಲು ಇನ್ನೂ ಒಂದು ಬಾಗಿಲು ತೆರೆದಿದೆ. ಅದು 2027ರ ಮಾರ್ಚ್ 31ಕ್ಕೆ ಮುಚ್ಚುತ್ತದೆ. ನನಗೇ ಇದು ಗೊತ್ತಾಗಿದ್ದು ಹೋದ ತಿಂಗಳು. ನನ್ನಂಥವರು ಇನ್ನೆಷ್ಟು ಮಂದಿ ಇದ್ದಾರೋ ಎಂಬ ಸಂಕಟದಿಂದ ಬರೆಯುತ್ತಿದ್ದೇನೆ.

ಅಂಧೇರಿ ಎಂಐಡಿಸಿಯ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಯಾಂಟೀನ್ ನಡೆಸುತ್ತಿದ್ದೇನೆ. ಲಾಕ್‌ಡೌನ್ ಬಂದಾಗ ಎರಡು ದೊಡ್ಡ ಪಾತ್ರೆ ಇಡ್ಲಿ ಹಿಟ್ಟು ಉಕ್ಕಿ ನೆಲಕ್ಕೆಲ್ಲ ಹರಿದಿತ್ತು. ನಾಲ್ಕು ದಿನ ಬಿಟ್ಟು ಪೊಲೀಸರ ಕೈಕಾಲು ಹಿಡಿದು ಒಳಗೆ ಹೋದರೆ ಆ ಹುಳಿ ವಾಸನೆಗೆ ನಿಲ್ಲಲಾಗಲಿಲ್ಲ. ಯಂತ್ರಗಳು ನಿಂತವು, ಕೆಲಸಗಾರರು ಹೋದರು, ಗಿರಾಕಿ ಇಲ್ಲ. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಊರಿಗೆ ಹೋಗಲಾಗದೆ ಉಳಿದ ನಾಲ್ವರು ಹುಡುಗರಿಗೆ ಅರ್ಧ ಪಗಾರವಾದರೂ ಕೊಡಬೇಕಲ್ಲ, ಕೊಟ್ಟೆ. ಲೋಕಲ್ ಟ್ರೈನ್ ಸಾಮಾನ್ಯರಿಗೆ ಬಂದ್ ಆಗಿದ್ದ ಆ ತಿಂಗಳುಗಳಲ್ಲಿ ಡೊಂಬಿವಲಿಯಿಂದ ಅಂಧೇರಿಗೆ ಬಂದು ಹೋಗುವುದಕ್ಕೇ ದಿನದ ಅರ್ಧ ಹೋಗುತ್ತಿತ್ತು. 2020-21ರ ಲೆಕ್ಕ ಮುಗಿಸಿದಾಗ ನಷ್ಟ 6,40,000 ರೂಪಾಯಿ. ಅದರಲ್ಲಿ ಫ್ರಿಜ್, ಗ್ರೈಂಡರ್, ಸ್ಟೀಮರ್‌ಗಳ ಸವಕಳಿಯೇ 70,000.

ಆ ವರ್ಷ ನಮ್ಮಂಥ, ಆಡಿಟ್ ಬೇಡದ ವ್ಯಾಪಾರಿಗಳ ರಿಟರ್ನ್ ಗಡುವನ್ನು ಸರ್ಕಾರ 2021ರ ಡಿಸೆಂಬರ್ 31ರವರೆಗೆ ಮುಂದೂಡಿತ್ತು. ನನ್ನ ರಿಟರ್ನ್ ತುಂಬುತ್ತಿದ್ದ ಸಲಹೆಗಾರರಿಗೆ ನಾನು ಮೂರು ಸಲ ಫೋನ್ ಮಾಡಿದೆ. "ಲಾಸ್ ತಾನೇ ಅಣ್ಣಾ, ಟ್ಯಾಕ್ಸ್ ಏನೂ ಬರೋದಿಲ್ಲ, ಗಡಿಬಿಡಿ ಯಾಕೆ?" ಅಂದರು. ನನಗೂ ಸರಿ ಅನ್ನಿಸಿತು. ತೆರಿಗೆಯೇ ಇಲ್ಲದ ಮೇಲೆ ತಡವಾದರೆ ಏನು? 2022ರ ಫೆಬ್ರುವರಿಯಲ್ಲಿ ರಿಟರ್ನ್ ಹೋಯಿತು.

ಕೆಲವು ತಿಂಗಳ ಮೇಲೆ ಇಲಾಖೆಯಿಂದ ಇಂಟಿಮೇಶನ್, ಅಂದರೆ ರಿಟರ್ನ್ ನೋಡಿ ಅವರು ಕಳಿಸುವ ಲೆಕ್ಕದ ಕಾಗದ ಬಂತು. ಅದರಲ್ಲಿ ಎರಡು ಕಾಲಮ್. ಒಂದು ನಾವು ತೋರಿಸಿದ್ದು, ಇನ್ನೊಂದು ಅವರು ಲೆಕ್ಕ ಹಾಕಿದ್ದು. ಮುಂದಿನ ವರ್ಷಕ್ಕೆ ಒಯ್ಯುವ ವ್ಯಾಪಾರದ ನಷ್ಟ ಎಂಬ ಸಾಲಿನಲ್ಲಿ ನಮ್ಮ ಕಡೆ 5,70,000, ಅವರ ಕಡೆ ಸೊನ್ನೆ. ಸವಕಳಿಯ 70,000 ಮಾತ್ರ ಹಾಗೇ ಉಳಿದಿತ್ತು. ಆ ಕಾಗದದ ಅರ್ಥ ನನಗೆ ಆಗ ಆಗಲಿಲ್ಲ. ಫೈಲಿನಲ್ಲಿ ಇಟ್ಟೆ.

ಅರ್ಥವಾಗಿದ್ದು ತೆರಿಗೆ ಕಟ್ಟುವಾಗ. 2021-22 ಹೇಗೋ ಸರಿಸಮ ಆಯಿತು, ಲಾಭವಿಲ್ಲ ನಷ್ಟವಿಲ್ಲ. 2022-23ರಲ್ಲಿ ಕಾರ್ಖಾನೆಗಳೆಲ್ಲ ಪೂರ್ತಿ ತೆರೆದು, ದೇವರ ದಯೆಯಿಂದ 7,80,000 ಲಾಭ ಬಂತು. ಎಲ್‌ಐಸಿ ಪಾಲಿಸಿಯನ್ನು ಲಾಕ್‌ಡೌನಿನಲ್ಲೇ ಸರೆಂಡರ್ ಮಾಡಿದ್ದರಿಂದ ತೋರಿಸಲು ಬೇರೆ ವಿನಾಯಿತಿ ಇರಲಿಲ್ಲ. ಸವಕಳಿ ಕಳೆದು 7,10,000 ಮೇಲೆ ಸೆಸ್ ಸೇರಿ 56,680 ರೂಪಾಯಿ ಕಟ್ಟಿದೆ. ಗಡುವಿನೊಳಗೆ ರಿಟರ್ನ್ ಹೋಗಿದ್ದರೆ ಪೂರ್ತಿ 6,40,000 ವಜಾ ಆಗಿ 1,40,000 ಉಳಿಯುತ್ತಿತ್ತು, ಒಂದು ರೂಪಾಯಿ ತೆರಿಗೆ ಬರುತ್ತಿರಲಿಲ್ಲ. ಆ ಹಣದಲ್ಲಿ ಒಬ್ಬ ಹುಡುಗನ ನಾಲ್ಕು ತಿಂಗಳ ಪಗಾರ ಆಗುತ್ತಿತ್ತು.

ಕಾನೂನು ಹೀಗಿದೆ. ವ್ಯಾಪಾರದ ನಷ್ಟವನ್ನು ಮುಂದಿನ ಎಂಟು ಅಸೆಸ್‌ಮೆಂಟ್ ವರ್ಷಗಳ (ಅಂದರೆ ಲೆಕ್ಕದ ವರ್ಷದ ಮರುವರ್ಷ, ತೆರಿಗೆ ಲೆಕ್ಕ ಹಾಕುವ ವರ್ಷ) ವ್ಯಾಪಾರದ ಲಾಭದಲ್ಲಿ ಕಳೆಯಬಹುದು; ಆದರೆ ನಷ್ಟದ ರಿಟರ್ನ್ ಗಡುವಿನೊಳಗೆ ಹೋಗಿರಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 72 ಮತ್ತು 80ನೇ ಸೆಕ್ಷನ್‌ಗಳಲ್ಲಿ ಇರುವುದು ಇದೇ. ಸವಕಳಿಗೆ ಈ ಷರತ್ತೂ ಇಲ್ಲ, ಎಂಟು ವರ್ಷದ ಮಿತಿಯೂ ಇಲ್ಲ. ಒಂದೇ ಕ್ಯಾಂಟೀನು, ಒಂದೇ ಪುಸ್ತಕ, ಒಂದೇ ತಡವಾದ ರಿಟರ್ನ್. ಗ್ರೈಂಡರ್ ಸವೆದದ್ದಕ್ಕೆ ಲೆಕ್ಕ ಉಳಿಯಿತು, ಹುಡುಗರ ಪಗಾರಕ್ಕೆ ಕೊಟ್ಟದ್ದು ಅಳಿಸಿ ಹೋಯಿತು.

ಇನ್ನೊಂದು ಮಾತು ಸರ್ಕಾರದ ಗಮನಕ್ಕೆ ಬರಲೇಬೇಕು. ಲಾಭ ಮಾಡಿದವನು ರಿಟರ್ನ್ ತಡ ಮಾಡಿದರೆ ಹೆಚ್ಚೆಂದರೆ 5,000 ರೂಪಾಯಿ ಫೀ, ಬಾಕಿ ತೆರಿಗೆಯ ಮೇಲೆ ತಿಂಗಳಿಗೆ ಶೇ 1 ಬಡ್ಡಿ. ವರಮಾನ ಐದು ಲಕ್ಷದೊಳಗಿದ್ದರೆ ಫೀ ಬರೀ 1,000. ನಷ್ಟ ಅನುಭವಿಸಿದವನು ಅಷ್ಟೇ ತಡ ಮಾಡಿದರೆ ಲಕ್ಷಗಟ್ಟಲೆ ನಷ್ಟದ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಗಟ್ಟಿಯಾಗಿ ನಿಂತವನಿಗೆ ಚಿಕ್ಕ ದಂಡ, ಬಿದ್ದವನಿಗೆ ದೊಡ್ಡ ದಂಡ. ಇದು ನ್ಯಾಯವಲ್ಲ. ತಡಕ್ಕೆ ಅದೇ 5,000 ಫೀ ನನ್ನಿಂದಲೂ ತೆಗೆದುಕೊಳ್ಳಲಿ, ಸಂತೋಷದಿಂದ ಕೊಡುತ್ತೇನೆ, ನಷ್ಟವನ್ನು ಉಳಿಸಿಕೊಡಲಿ. ಹಣಕಾಸು ಮಂತ್ರಾಲಯ ಇಷ್ಟು ತಿದ್ದುಪಡಿ ಮಾಡಿದರೆ ಸಾಕು.

ಅಲ್ಲಿಯವರೆಗೆ ಇರುವ ದಾರಿ, ತಡವನ್ನು ಮನ್ನಿಸಿ ಎಂದು ಅರ್ಜಿ ಹಾಕುವುದು. 119ನೇ ಸೆಕ್ಷನ್ನಿನ ಅಡಿಯಲ್ಲಿ ನೇರ ತೆರಿಗೆ ಮಂಡಳಿ 2024ರ ಅಕ್ಟೋಬರ್ 1ರಂದು ಹೊರಡಿಸಿದ ಸುತ್ತೋಲೆಯಂತೆ, ಆಯಾ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ ಅರ್ಜಿ ಕೊಡಬಹುದು. ಒಂದು ಕೋಟಿಯವರೆಗಿನ ಮೊತ್ತವಾದರೆ ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ಮಟ್ಟದಲ್ಲೇ ತೀರ್ಮಾನವಾಗುತ್ತದೆ, ಸಾಧ್ಯವಾದಷ್ಟು ಮಟ್ಟಿಗೆ ಆರು ತಿಂಗಳೊಳಗೆ. 2020-21ರ ನಷ್ಟಕ್ಕೆ ಅಸೆಸ್‌ಮೆಂಟ್ ವರ್ಷ 2021-22; ಅದು ಮುಗಿದು ಐದು ವರ್ಷ ತುಂಬುವ ದಿನವೇ 2027ರ ಮಾರ್ಚ್ 31. ಅರ್ಜಿ ಹಾಕಿದ ಮಾತ್ರಕ್ಕೆ ಸಿಗುತ್ತದೆ ಅಂತಲ್ಲ. ನಷ್ಟ ನಿಜವಾದದ್ದು, ತಡಕ್ಕೆ ನಿಜವಾದ ಕಷ್ಟವೇ ಕಾರಣ ಎಂದು ಅವರಿಗೆ ಮನವರಿಕೆ ಆಗಬೇಕು. ಆದ್ದರಿಂದ ಬಾಡಿಗೆ ರಸೀದಿ, ಪಗಾರದ ವೋಚರ್, ಗ್ಯಾಸ್ ಬಿಲ್ಲು, ಆಸ್ಪತ್ರೆಯ ಕಾಗದ ಯಾವುದನ್ನೂ ರದ್ದಿಗೆ ಹಾಕಬೇಡಿ. ನನ್ನ ಹೆಂಡತಿ ಆ ವರ್ಷದ ಬಿಲ್ಲುಗಳನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕಟ್ಟಿ ಇಟ್ಟಿದ್ದಳು. ಅದೊಂದು ಇದ್ದದ್ದಕ್ಕೇ ನಾನು ಈಗ ಅರ್ಜಿ ಬರೆಯುವ ಧೈರ್ಯ ಮಾಡಿದ್ದು.

ನಮ್ಮವರಲ್ಲಿ ಇನ್ನೊಂದು ತಪ್ಪು ನಡೆಯುತ್ತಿದೆ. ವಸಯಿಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿರುವ ನನ್ನ ಭಾವನಿಗೆ ಅದೇ ವರ್ಷ ಮೂರು ಲಕ್ಷದ ಮೇಲೆ ನಷ್ಟ. ಆದರೆ ಲೆಕ್ಕದ ಪುಸ್ತಕ ಬರೆಯುವ ತಾಪತ್ರಯ ಬೇಡವೆಂದು ಅವನ ರಿಟರ್ನನ್ನು ಐಟಿಆರ್-4, ಅಂದರೆ ಸುಗಮ್ ಫಾರ್ಮಿನಲ್ಲಿ ತುಂಬಿದ್ದಾರೆ. ಅಲ್ಲಿ ವಹಿವಾಟಿನ ಶೇ 8, ಡಿಜಿಟಲ್ ಆಗಿ ಬಂದ ಹಣದ ಮೇಲೆ ಶೇ 6 ಲಾಭ ಎಂದು ಅಂದಾಜಿನಲ್ಲಿ ತೋರಿಸುವುದು. ಕಾಗದದ ಮೇಲೆ ಅವನಿಗೆ ಲಾಭವೇ ಬಂದಿದೆ, ಮುಂದಕ್ಕೆ ಒಯ್ಯಲು ನಷ್ಟವೇ ಇಲ್ಲ. ನಷ್ಟದ ವರ್ಷದಲ್ಲಿ ಪುಸ್ತಕ ಸರಿಯಾಗಿ ಬರೆಸಿ ಐಟಿಆರ್-3 ತುಂಬಬೇಕು. ಮುಂದಕ್ಕೆ ಒಯ್ಯುವ ನಷ್ಟವನ್ನು ತೋರಿಸುವ ಅದರ ಸಿಎಫ್‌ಎಲ್ ಎಂಬ ಷೆಡ್ಯೂಲಿನಲ್ಲಿ ಆ ನಷ್ಟ ಕಾಣುತ್ತದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿಯೇ ಸಲಹೆಗಾರರ ಆಫೀಸಿನಿಂದ ಏಳಬೇಕು.

ಹೋಟೆಲ್ ಮುಚ್ಚಿ ಕ್ಯಾಟರಿಂಗ್ ಶುರು ಮಾಡಿದವರೂ ಹಳೆಯ ನಷ್ಟವನ್ನು ಬಿಡಬೇಕಿಲ್ಲ. ಅದೇ ಧಂದೆ ಮುಂದುವರಿಯಬೇಕೆಂಬ ನಿಯಮ ಹೋಗಿ ಎರಡು ದಶಕದ ಮೇಲಾಯಿತು. ನೌಕರಿಗೆ ಸೇರಿದವರು ಮಾತ್ರ ಆ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ಕೋವಿಡ್‌ನಲ್ಲಿ ಯಜಮಾನನೇ ತೀರಿಕೊಂಡು ಮಗನೋ ಹೆಂಡತಿಯೋ ವಾರಸುದಾರಿಕೆಯಿಂದ ಅಂಗಡಿ ನಡೆಸುತ್ತಿದ್ದರೆ, ಅವರು ನಷ್ಟವನ್ನು ಮುಂದುವರಿಸಲು ಕಾನೂನಿನ ಅಡ್ಡಿಯಿಲ್ಲ. ಅಂಥ ಮನೆಗಳು ನಮ್ಮ ಡೊಂಬಿವಲಿಯಲ್ಲೇ ಇವೆ. ಅವರಿಗೆ ಇದನ್ನು ಯಾರು ಹೇಳುತ್ತಾರೆ?

ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನದು ಇದೊಂದೇ ಬೇಡಿಕೆ. ಕಣ್ಣು ತಪಾಸಣೆ ಶಿಬಿರ ಮಾಡುತ್ತೀರಿ, ಮಕ್ಕಳಿಗೆ ಪುಸ್ತಕ ಹಂಚುತ್ತೀರಿ. ನಮ್ಮಲ್ಲೇ ಎಷ್ಟೋ ಹುಡುಗ ಹುಡುಗಿಯರು ಸಿಎ ಆಗಿದ್ದಾರೆ. ಅವರಲ್ಲಿ ಇಬ್ಬರನ್ನು ಕೂರಿಸಿ ಒಂದು ಭಾನುವಾರ ಹಳೆಯ ಇಂಟಿಮೇಶನ್ ಕಾಗದ ತಂದವರಿಗೆ ಆ ಎರಡು ಕಾಲಮ್ ಓದಿ ಹೇಳಿಸಿ. ಈ ದೀಪಾವಳಿಯೊಳಗೆ ಆದರೆ, ಬಿಲ್ಲುಗಳನ್ನು ಹುಡುಕಿ ಅರ್ಜಿ ಬರೆಯಲು ಮಾರ್ಚ್‌ವರೆಗೆ ಸಮಯ ಸಿಗುತ್ತದೆ.

— ಕ್ಯಾಂಟೀನ್ ಮಾಲೀಕ, ಡೊಂಬಿವಲಿ ಪೂರ್ವ