ಗೆಳೆಯನಿಗೊಂದು ಪತ್ರ: ಬಿನ್ಯಾವಾಂಗ ವೈನೈನಾ ಎಂಬ ಸಂಪಾದಕ

ಪ್ರಿಯ ಗೆಳೆಯ,

ಪತ್ರಿಕೆಯ ಕೆಲಸವೇ ನಿನ್ನ ಬರವಣಿಗೆಯನ್ನು ನುಂಗಿಹಾಕುತ್ತಿದೆ, ಈ ಸಂಚಿಕೆಯೊಂದು ಹೊರಬಂದರೆ ಸಂಪಾದಕನ ಹೊಣೆಯನ್ನು ಇಳಿಸಿಬಿಡುತ್ತೇನೆ ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ಕೀನ್ಯಾದ ಲೇಖಕ ಬಿನ್ಯಾವಾಂಗ ವೈನೈನಾ ಮತ್ತೆ ಮತ್ತೆ ನೆನಪಾಗುತ್ತಿದ್ದಾರೆ.

ಅವರು 1971ರಲ್ಲಿ ನಕುರು ಪಟ್ಟಣದಲ್ಲಿ ಹುಟ್ಟಿದವರು. ಉಗಾಂಡಾ ಮೂಲದ ತಾಯಿ ಅಲ್ಲಿ ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದರು. ವಾಣಿಜ್ಯ ಓದಲೆಂದು ದಕ್ಷಿಣ ಆಫ್ರಿಕಕ್ಕೆ ಹೋದ ಮಗ ಕೋಣೆಯ ಬಾಗಿಲು ಹಾಕಿಕೊಂಡು ಕಾದಂಬರಿಗಳನ್ನು ಓದುತ್ತಾ ಕುಳಿತರು. ಮುಂದೆ ಕೇಪ್‌ಟೌನಿನಲ್ಲಿ ಊಟತಿಂಡಿಯ ಬಗ್ಗೆ ಬರೆಯತೊಡಗಿದರು. ಅಂತರ್ಜಾಲ ಪತ್ರಿಕೆಯಲ್ಲಿ ಬಂದಿದ್ದ ಅವರ ಬರಹವೊಂದನ್ನು, ಆಫ್ರಿಕದ ಲೇಖಕರ ಇಂಗ್ಲಿಷ್ ಸಣ್ಣಕಥೆಗಳಿಗೆ ಕೊಡುವ ಕೇನ್ ಪ್ರಶಸ್ತಿಯವರು, ಅದು ಅಚ್ಚಾಗಿಲ್ಲವೆಂಬ ಕಾರಣಕ್ಕೆ ಮೊದಲು ಒಪ್ಪಲಿಲ್ಲವಂತೆ. ಆಫ್ರಿಕದಲ್ಲಿ ಕಥೆಗಳನ್ನು ಅಚ್ಚು ಹಾಕುವವರಾದರೂ ಎಲ್ಲಿದ್ದಾರೆ ಎಂದು ವೈನೈನಾ ಸಿಟ್ಟಿನಿಂದ ಮರುಪತ್ರ ಬರೆದರು. 2002ರ ಪ್ರಶಸ್ತಿ ಅದೇ ಬರಹಕ್ಕೆ ಬಂತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಮುಂದಿನ ಹೆಜ್ಜೆ. ಪ್ರಶಸ್ತಿ ಪಡೆದವರು ಲಂಡನ್ನಿನ ಪ್ರಕಾಶಕರ ಬಾಗಿಲಲ್ಲಿ ಕಾಯುತ್ತಾ ಕೂರದೆ ನೈರೋಬಿಯಲ್ಲಿ ಗೆಳೆಯರೊಂದಿಗೆ ಸೇರಿ 'ಕ್ವಾನಿ?' ಎಂಬ ಪತ್ರಿಕೆಯನ್ನು ಕಟ್ಟಿದರು. ನೈರೋಬಿಯ ಬೀದಿಮಾತಿನಲ್ಲಿ ಅದಕ್ಕೆ 'ಅದಕ್ಕೇನೀಗ?' ಎಂಬ ಅರ್ಥ. ಸ್ವಾಹಿಲಿ, ಇಂಗ್ಲಿಷ್ ಕಲಸಿ ಹುಡುಗರು ಆಡುವ ಶೆಂಗ್ ಭಾಷೆಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಿದ ಪತ್ರಿಕೆ ಅದು. ರುವಾಂಡದ ನರಮೇಧದಿಂದ ಪಾರಾಗಿ ನೈರೋಬಿಗೆ ಬಂದು, ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುವ ಉನ್ನತ ಮನೆತನದವನೊಬ್ಬನ ಬಗ್ಗೆ ಇವೊನ್ ಅಧಿಯಾಂಬೊ ಓವೂರ್ ಬರೆದ ಕಥೆ ಅಲ್ಲೇ ಪ್ರಕಟವಾಗಿ, 2003ರ ಕೇನ್ ಪ್ರಶಸ್ತಿಯನ್ನು ಪಡೆಯಿತು. ಹಿಂದಿನ ವರ್ಷ ತಾನು ಗೆದ್ದ ಪ್ರಶಸ್ತಿ ಮರುವರ್ಷ ತಾನೇ ಪ್ರಕಟಿಸಿದ ಕಥೆಗೆ ಬರುವುದನ್ನು ಕಂಡ ಸಂಪಾದಕನ ಮನಸ್ಸನ್ನು ನೀನು ಊಹಿಸಬಲ್ಲೆ.

ಇಷ್ಟೆಲ್ಲದರ ನಡುವೆ ಅವರ ಸ್ವಂತ ಬರವಣಿಗೆ ಬತ್ತಲಿಲ್ಲ. ಆಫ್ರಿಕದ ಬಗ್ಗೆ ಬರೆಯುವುದು ಹೇಗೆ ಎಂದು ಪಾಶ್ಚಾತ್ಯರಿಗೆ ಪಾಠ ಹೇಳುವ ಧಾಟಿಯಲ್ಲಿ, ಮುಖಪುಟಕ್ಕೆ ಬಂದೂಕು ಮತ್ತು ಎದ್ದುಕಾಣುವ ಪಕ್ಕೆಲುಬುಗಳು ಇರಲಿ ಎಂದು ಸಲಹೆ ಕೊಡುವ ವ್ಯಂಗ್ಯ ಪ್ರಬಂಧ 2005ರಲ್ಲಿ ಬ್ರಿಟನ್ನಿನ ಸಾಹಿತ್ಯ ಪತ್ರಿಕೆ ಗ್ರಾಂಟಾದಲ್ಲಿ ಬಂತು. ಅದೂ ಹುಟ್ಟಿದ್ದು ಆ ಪತ್ರಿಕೆಯ ಹಳೆಯ ಆಫ್ರಿಕ ಸಂಚಿಕೆಯ ವಿರುದ್ಧ ಬರೆದ ತಕರಾರಿನ ಪತ್ರದಿಂದಲೇ. 2011ರಲ್ಲಿ ಆತ್ಮಕಥನ ಹೊರಬಂತು: ಮನೆಯ ಹಿಂದೆ ಅಣ್ಣ, ತಂಗಿಯರೊಂದಿಗೆ ಚೆಂಡಾಡುವ ಏಳು ವರ್ಷದ ಹುಡುಗನಿಂದ ಅದು ತೊಡಗುತ್ತದೆ.

ಆ ಪುಸ್ತಕದಲ್ಲಿ ಹೇಳದೆ ಉಳಿದಿದ್ದ ಮಾತನ್ನು ಅವರು 2014ರ ಜನವರಿ 18ರಂದು, ತಮ್ಮ ನಲವತ್ತಮೂರನೆಯ ಹುಟ್ಟುಹಬ್ಬದಂದು ಹೇಳಿದರು. ತಾವು ಸಲಿಂಗಕಾಮಿ ಎಂಬುದನ್ನು ಸಾಯುತ್ತಿರುವ ತಾಯಿಯ ಕಿವಿಯಲ್ಲಿ ಹೇಳಿದಂತೆ ಕಲ್ಪಿಸಿ ಬರೆದ ಬರಹ ಅದು. ನಿಜದಲ್ಲಿ ತಾಯಿ ತೀರಿಕೊಂಡಾಗ ಅವರು ಜೊತೆಯಲ್ಲಿರಲಿಲ್ಲ. ಅದನ್ನೂ ಅವರು ದೊಡ್ಡ ಪ್ರಕಾಶಕರಿಗೆ ಕೊಡದೆ, ಕೇಪ್‌ಟೌನಿನ ಚಿಮುರೆಂಗಾದಂಥ ತಮ್ಮ ಬಳಗದ ಪತ್ರಿಕೆಗೇ ಕೊಟ್ಟರು.

2019ರ ಮೇ 21ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ನೈರೋಬಿಯಲ್ಲಿ ಅವರು ತೀರಿಕೊಂಡರು. ಅಲ್ಲಲ್ಲಿ ಚದುರಿಹೋಗಿದ್ದ ಅವರ ಬರಹಗಳನ್ನು ಹುಡುಕಿ, ಜೋಡಿಸಿ, 2022ರಲ್ಲಿ ಪುಸ್ತಕವಾಗಿಸಿದವರು ಅಚಲ್ ಪ್ರಭಲ, ನಮ್ಮ ಬೆಂಗಳೂರಿನವರು. ನನ್ನ ಪ್ರತಿಯನ್ನು ಇದೇ ವಾರ ನಿನಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸಂಚಿಕೆಯ ಕರಡು ತಿದ್ದುವುದು ಮುಗಿದ ಮೇಲೆ ಓದು.

ನಿನ್ನ ಗೆಳೆಯ